‘ಸ್ವಯಂಸೇವಕಿ’ ಎಂಬ ಪದದ ನೂರು ವರ್ಷ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ಒಳಗೆ ನುಗ್ಗಿತು. ಸೇತುವೆಗಳು ಕೊಚ್ಚಿಹೋದವು. ದಂಡೆಯ ಮೇಲಿನ ಮೊಹಲ್ಲಾಗಳು ಮಣ್ಣಿನ ಗುಡ್ಡೆಗಳಾದವು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಹೇಳುವುದು ರೂಢಿ. ಆ ಪ್ರವಾಹದ ಕಥೆಯ ಒಂದು ಭಾಗ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿದೆ. ಮರುವರ್ಷ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರು ಕೊಟ್ಟ ಸಲಹೆಯಂತೆ ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಅಣೆಕಟ್ಟು ಕಟ್ಟಲಾಯಿತು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಇವತ್ತು ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ತುಂಬಿರುವ ಗಚ್ಚಿಬೌಲಿಯಿಂದ ಗಂಡಿಪೇಟೆಯ ಉಸ್ಮಾನ್ ಸಾಗರ್ ದೂರವೇನಲ್ಲ.

ಕಥೆಯ ಇನ್ನೊಂದು ಭಾಗ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಮನೆ ಕಳೆದುಕೊಂಡವರಿಗೆ ಊಟ, ಬಟ್ಟೆ, ಔಷಧಿ ಬೇಕಿತ್ತು. ಅವರಲ್ಲಿ ಅರ್ಧದಷ್ಟು ಮಂದಿ ಹೆಂಗಸರು. ಪರದೆಯ ಪದ್ಧತಿ ಗಟ್ಟಿಯಾಗಿದ್ದ ಊರಿನಲ್ಲಿ ಗಂಡಸರು ಹೋಗಿ ಅವರನ್ನು ಮಾತಾಡಿಸುವ ಹಾಗಿರಲಿಲ್ಲ. ಹೆಂಗಸರ ಬಳಿಗೆ ಹೆಂಗಸರೇ ಹೋಗಬೇಕಾಯಿತು. ಹಾಗೆ ಹೊರಗೆ ಬಂದವರಲ್ಲಿ ಇಬ್ಬರ ಹೆಸರು ಇತಿಹಾಸದಲ್ಲಿ ಉಳಿದಿದೆ. ಒಬ್ಬರು ಸರೋಜಿನಿ ನಾಯ್ಡು. ಇನ್ನೊಬ್ಬರು ನಿಜಾಮರ ಸರ್ಕಾರದ ಹಿರಿಯ ಅಧಿಕಾರಿ ಅಕ್ಬರ್ ಹೈದರಿಯವರ ಪತ್ನಿ ಅಮೀನಾ ಹೈದರಿ. ಪ್ರವಾಹ ಪರಿಹಾರದ ಕೆಲಸಕ್ಕಾಗಿ ಇಬ್ಬರಿಗೂ ಕೈಸರ್-ಇ-ಹಿಂದ್ ಪದಕ ಸಿಕ್ಕಿತು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಸರೋಜಿನಿ ತಮ್ಮ ಪದಕವನ್ನು ಹಿಂದಿರುಗಿಸಿದರು.

ಇವರ ಜೊತೆಗೆ ದುಡಿದ ಉಳಿದವರ ಹೆಸರುಗಳು ನಮಗೆ ತಿಳಿದುಬಂದಿಲ್ಲ. ಆದರೆ ಆಪತ್ತಿನ ಹೊತ್ತಿನಲ್ಲಿ ಹೊರಬಿದ್ದ ಈ ಗುಂಪುಗಳು ನೀರು ಇಳಿದ ಮೇಲೆ ಪೂರ್ತಿ ಮನೆಯೊಳಗೆ ಮರಳಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಹೈದರಾಬಾದಿನಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿಯೂ ಮಹಿಳಾ ಸಮಾಜ, ಸ್ತ್ರೀ ಸಮಾಜ, ಭಗಿನಿ ಮಂಡಲ, ಲೇಡೀಸ್ ಕ್ಲಬ್ ಎಂಬ ಹೆಸರುಗಳಲ್ಲಿ ಹೆಂಗಸರ ಸೇವಾ ಸಂಘಗಳು ಹುಟ್ಟಿದವು. ಅಲ್ಲಿ ಬಳಕೆಗೆ ಬಂದ ಒಂದು ಪದ ‘ಸ್ವಯಂಸೇವಕಿ’. ತಾನಾಗಿಯೇ, ಸಂಬಳ ಕೇಳದೆ ಸೇವೆ ಮಾಡುವವಳು ಎಂದು ಅದರ ಅರ್ಥ. ನೂರು ವರ್ಷಗಳಲ್ಲಿ ಈ ಪದಕ್ಕೆ ಏನಾಯಿತು ಎನ್ನುವುದು ಹೆಂಗಸರ ಸಮಯಕ್ಕೆ ಸಮಾಜ ಕಟ್ಟಿದ ಬೆಲೆಯ ಕಥೆಯೂ ಹೌದು.

ಪರದೆಯ ಒಳಗಿನ ಸಭೆ

ಹೈದರಾಬಾದಿನ ಬಶೀರ್‌ಬಾಗಿನಲ್ಲಿರುವ ಲೇಡಿ ಹೈದರಿ ಕ್ಲಬ್ಬಿಗೆ ಅಮೀನಾ ಅವರದೇ ಹೆಸರು. ಅಂಥ ಕ್ಲಬ್ಬುಗಳಿಗೆ ಆ ಕಾಲದಲ್ಲಿ ಪರದಾ ಕ್ಲಬ್ ಎನ್ನುತ್ತಿದ್ದರು. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಆ ಒಂದು ನಿಯಮದಿಂದಾಗಿಯೇ ಮುಸ್ಲಿಂ, ಹಿಂದೂ, ಪಾರ್ಸಿ, ಯುರೋಪಿಯನ್ ಮನೆತನಗಳ ಹೆಂಗಸರು ಒಂದೇ ಕೋಣೆಯಲ್ಲಿ ಕೂರುವುದು ಸಾಧ್ಯವಾಯಿತು. ಮನೆಯವರ ದೃಷ್ಟಿಯಲ್ಲಿ ಅದು ಪರದೆಯನ್ನು ಮೀರಿದ್ದಲ್ಲ, ಪರದೆಯನ್ನೇ ಸ್ವಲ್ಪ ಅಗಲ ಮಾಡಿದ್ದು. ಉರ್ದು ಲೇಖಕಿ ಸುಗ್ರಾ ಹುಮಾಯೂನ್ ಮಿರ್ಜಾ ಇದೇ ನಗರದಲ್ಲಿ ‘ಅನ್-ನಿಸಾ’ ಎಂಬ ಸ್ತ್ರೀಯರ ಪತ್ರಿಕೆ ನಡೆಸಿದರು, 1934ರಲ್ಲಿ ಸಫ್ದರಿಯಾ ಹೆಣ್ಣುಮಕ್ಕಳ ಶಾಲೆ ತೆರೆದರು. 1930ರ ದಶಕದಲ್ಲಿ ತೆಲುಗು ಹೆಂಗಸರು ಆಂಧ್ರ ಯುವತಿ ಮಂಡಳಿ ಕಟ್ಟಿಕೊಂಡರು.

ಆಗ ಹೈದರಾಬಾದು ಬರೀ ತೆಲುಗರ ಅಥವಾ ಉರ್ದು ಮಾತಾಡುವವರ ರಾಜಧಾನಿಯಾಗಿರಲಿಲ್ಲ. ನಿಜಾಮರ ರಾಜ್ಯದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಬೀದರ್, ಗುಲ್ಬರ್ಗಾ, ರಾಯಚೂರುಗಳ ಜನಕ್ಕೆ ಕೋರ್ಟು ಕಚೇರಿ, ಕಾಲೇಜು, ದೊಡ್ಡ ಆಸ್ಪತ್ರೆ ಎಂದರೆ 1956ರ ತನಕವೂ ಹೈದರಾಬಾದೇ. ಆ ರಾಜ್ಯದಲ್ಲಿ ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಅನುಮತಿ ಪಡೆಯಬೇಕಿತ್ತು. ‘ಗಸ್ತಿ 53’ ಎಂಬ ಸರ್ಕಾರಿ ಸುತ್ತೋಲೆ ಅದಕ್ಕಾಗಿಯೇ ಕುಖ್ಯಾತವಾಗಿತ್ತು. ಗಂಡಸರ ರಾಜಕೀಯ ಸಭೆಗಳ ಮೇಲೆಯೇ ಕಣ್ಣಿಟ್ಟಿದ್ದ ಅಂಥ ರಾಜ್ಯದಲ್ಲಿ ಹೆಂಗಸರ ಸಂಘಗಳು ಓದು, ಹೊಲಿಗೆ, ಆರೋಗ್ಯ, ಹೆಣ್ಣುಮಕ್ಕಳ ಶಾಲೆ ಎಂಬ ದಾರಿ ಹಿಡಿದು ಬೆಳೆದವು.

ಈ ಬಗೆಯ ಸಂಘ ಹೈದರಾಬಾದಿನದೇ ಆವಿಷ್ಕಾರವಲ್ಲ. ಪಂಡಿತಾ ರಮಾಬಾಯಿ 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದ್ದರು. 1909ರಲ್ಲಿ ರಮಾಬಾಯಿ ರಾನಡೆಯವರ ಮುಂದಾಳತ್ವದಲ್ಲಿ ಪುಣೆಯ ಸೇವಾ ಸದನ ಶುರುವಾಯಿತು. ಇನ್ನೂ ಹಿಂದಕ್ಕೆ ಹೋದರೆ, 1868ರಲ್ಲಿ ನ್ಯೂಯಾರ್ಕಿನ ಪತ್ರಕರ್ತರ ಸಂಘ ಚಾರ್ಲ್ಸ್ ಡಿಕನ್ಸನಿಗೆ ಏರ್ಪಡಿಸಿದ್ದ ಔತಣಕೂಟದಿಂದ ಹೆಂಗಸರನ್ನು ಹೊರಗಿಟ್ಟಾಗ ಪತ್ರಕರ್ತೆ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ‘ಸೊರೊಸಿಸ್’ ಎಂಬ ಮಹಿಳಾ ಕ್ಲಬ್ ಕಟ್ಟಿದಳು. 1890ರಲ್ಲಿ ಅಂಥ ಕ್ಲಬ್ಬುಗಳೆಲ್ಲ ಸೇರಿ ಒಂದು ಒಕ್ಕೂಟವಾದವು. ಅಮೆರಿಕದ ಎಷ್ಟೋ ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಬಂದದ್ದು ಈ ಕ್ಲಬ್ಬುಗಳ ಪ್ರಯತ್ನದಿಂದ. ಆದರೆ ಆ ಒಕ್ಕೂಟದ ಬಾಗಿಲು ಕಪ್ಪು ಹೆಂಗಸರಿಗೆ ಸುಲಭವಾಗಿ ತೆರೆಯಲಿಲ್ಲ. ಅವರು 1896ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು.

ಬಾಗಿಲ ಪ್ರಶ್ನೆ ಇಲ್ಲಿಯೂ ಇತ್ತು. ಕ್ಲಬ್ಬಿಗೆ ಬರಲು ಮಧ್ಯಾಹ್ನ ಬಿಡುವಿರಬೇಕು, ಉಡಲು ಒಳ್ಳೆಯ ಸೀರೆ ಇರಬೇಕು, ಚಂದಾ ಕೊಡಲು ಕೈಯಲ್ಲಿ ಕಾಸಿರಬೇಕು, ಮನೆಯಲ್ಲಿ ಅಡುಗೆ ಮತ್ತು ಮಕ್ಕಳನ್ನು ನೋಡಿಕೊಳ್ಳಲು ಬೇರೆ ಯಾರೋ ಇರಬೇಕು. ಆ ‘ಬೇರೆ ಯಾರೋ’ ಎಂಬವಳೂ ಹೆಂಗಸೇ. ಹೈದರಾಬಾದಿನ ದಲಿತ ಬಸ್ತಿಗಳಲ್ಲಿ ಮಕ್ಕಳಿಗೆ ಶಾಲೆ ಬಂದದ್ದು ಈ ಕ್ಲಬ್ಬುಗಳ ಮೂಲಕವಲ್ಲ, ಭಾಗ್ಯರೆಡ್ಡಿ ವರ್ಮ ಮತ್ತು ಅವರ ಆದಿಹಿಂದೂ ಚಳವಳಿಯ ಮೂಲಕ.

ಮೈಸೂರು ಸಂಸ್ಥಾನದ ವಿಧವೆಯರು

ಮೈಸೂರು ಸಂಸ್ಥಾನದಲ್ಲಿ 1913 ಒಂದು ಮುಖ್ಯವಾದ ವರ್ಷ. ಪಾರ್ವತಮ್ಮ ಚಂದ್ರಶೇಖರ ಅಯ್ಯರ್ ಅವರ ಮುಂದಾಳತ್ವದ ಮಹಿಳಾ ಸೇವಾ ಸಮಾಜ ಬೆಂಗಳೂರಿನಲ್ಲಿ ಹುಟ್ಟಿದ್ದು ಆ ವರ್ಷ. ನಂಜನಗೂಡಿನ ತಿರುಮಲಾಂಬ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದ್ದೂ ಆಗಲೇ. ಬೆಂಗಳೂರಿನ ಆರ್. ಕಲ್ಯಾಣಮ್ಮ ಶಾರದಾ ಸ್ತ್ರೀ ಸಮಾಜ ಕಟ್ಟಿದರು, ‘ಸರಸ್ವತಿ’ ಎಂಬ ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು, 1938ರಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದರು.

ತಿರುಮಲಾಂಬ, ಕಲ್ಯಾಣಮ್ಮ ಇಬ್ಬರೂ ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಇದು ಆಕಸ್ಮಿಕವಲ್ಲ. ಮೇಲ್ಜಾತಿಯ ವಿಧವೆಗೆ ಮದುವೆ ಮುಂಜಿಗಳಲ್ಲಿ ಜಾಗವಿರಲಿಲ್ಲ, ಅರಿಸಿನ ಕುಂಕುಮಕ್ಕೆ ಕರೆಯುವವರಿರಲಿಲ್ಲ. ಮನೆಯ ಒಳಗೆ ಮಾತ್ರ ಅವಳಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಮಹಿಳಾ ಸಮಾಜ ಅಂಥವಳಿಗೆ ಹೊರಗೆ ಹೋಗಲು ಒಪ್ಪಿತವಾದ ಒಂದು ಕಾರಣ ಕೊಟ್ಟಿತು. ‘ದುಡಿಯಲು ಹೋಗುತ್ತೇನೆ’ ಎಂದಿದ್ದರೆ ಮನೆಯವರು ಬಿಡುತ್ತಿರಲಿಲ್ಲ. ‘ಸೇವೆಗೆ ಹೋಗುತ್ತೇನೆ’ ಎಂದರೆ ಅಡ್ಡಿ ಮಾಡುವುದು ಕಷ್ಟ. ಸಂಬಳವಿಲ್ಲ ಎಂಬುದೇ ಅಲ್ಲಿ ರಹದಾರಿಯಾಗಿತ್ತು.

ಸಂಘದಲ್ಲಿ ಆಗುತ್ತಿದ್ದ ಕೆಲಸ ಮೇಲುನೋಟಕ್ಕೆ ಸಣ್ಣದು. ಹೊಲಿಗೆ ತರಗತಿ, ಹಿಂದಿ ಪರೀಕ್ಷೆಗೆ ತಯಾರಿ, ಶಿಶುವಿಹಾರ, ಭಜನೆ, ಬಾಣಂತಿಯರ ಆರೈಕೆಯ ಬಗ್ಗೆ ಡಾಕ್ಟರಮ್ಮನ ಭಾಷಣ, ನವರಾತ್ರಿಗೆ ಒಂದು ನಾಟಕ. ಆದರೆ ಸಂಘವನ್ನು ನಡೆಸುವುದೇ ಒಂದು ಪಾಠಶಾಲೆಯಾಗಿತ್ತು. 1860ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಸಹಿ ಮಾಡಿದರೆ ಒಂದು ಸಂಘ ಕಾನೂನಿನ ಕಣ್ಣಿಗೆ ಕಾಣುತ್ತದೆ. ಏಳು ಹೆಂಗಸರು ತಮ್ಮ ಹೆಸರು ತಾವೇ ಬರೆದು ಸಹಿ ಹಾಕಬೇಕು. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿಯನ್ನು ಆರಿಸಬೇಕು. ಸಭೆಯ ನಡಾವಳಿ ಬರೆಯಬೇಕು, ಬಂದ ಹಣಕ್ಕೆ ರಸೀದಿ ಕೊಡಬೇಕು, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು. ಮನೆಯ ಆಸ್ತಿಪತ್ರದಲ್ಲಿ ಹೆಸರಿಲ್ಲದ, ಚುನಾವಣೆಯಲ್ಲಿ ಮತವಿಲ್ಲದ ಹೆಂಗಸರು ಇಲ್ಲಿ ಕೈಯೆತ್ತಿ ಮತ ಹಾಕಿದರು.

ಮತದಾನದ ಹಕ್ಕಿನ ಬೇಡಿಕೆ ಇಂಥ ಸಂಘಗಳ ಜಾಲದಿಂದಲೇ ಹೊರಟಿತು. 1917ರ ಮೇ ತಿಂಗಳಲ್ಲಿ ಮದ್ರಾಸಿನ ಅಡಿಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗವೊಂದು ಭಾರತದ ವ್ಯವಹಾರಗಳ ಮಂತ್ರಿ ಮಾಂಟೆಗುವನ್ನು ಕಂಡು ಹೆಂಗಸರಿಗೂ ಮತದ ಹಕ್ಕು ಕೇಳಿತು. ಮೂಸಿ ಪ್ರವಾಹದ ಸಂತ್ರಸ್ತರ ನಡುವೆ ಓಡಾಡಿದ್ದ ಸರೋಜಿನಿ ಒಂಬತ್ತು ವರ್ಷಗಳ ಮೇಲೆ ದೇಶದ ಹೆಂಗಸರ ಪರವಾಗಿ ಮಾತಾಡಿದರು. 1921ರಲ್ಲಿ ಮದ್ರಾಸ್ ಪ್ರಾಂತ್ಯದ ಹೆಂಗಸರಿಗೆ, ಆಸ್ತಿಯ ಷರತ್ತಿನೊಡನೆ, ಮತದ ಹಕ್ಕು ಬಂತು.

ಹುಬ್ಬಳ್ಳಿಯ ಭಗಿನಿ ಮಂಡಲ

ನಿಜಾಮರ ರಾಜ್ಯದ ಪಶ್ಚಿಮದ ಗಡಿ ದಾಟಿದರೆ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳು. ಅಲ್ಲಿ ಹೆಂಗಸರ ಸಂಘ ನೇರವಾಗಿ ರಾಜಕೀಯಕ್ಕೆ ಇಳಿಯಿತು. ಅದರ ಕೇಂದ್ರದಲ್ಲಿದ್ದವರು ಉಮಾಬಾಯಿ ಕುಂದಾಪುರ.

1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರ ತವರಿನ ಹೆಸರು ಭವಾನಿ ಗೋಳಿಕೇರಿ. ಬಾಲ್ಯದಲ್ಲಿಯೇ ಮದುವೆಯಾಗಿ ಮುಂಬಯಿಗೆ ಹೋದರು. ಮಾವ ಆನಂದರಾವ್ ಕುಂದಾಪುರ ಸುಧಾರಣೆಯ ಮನಸ್ಸಿನವರು. ಸೊಸೆಯನ್ನು ಓದಿಸಿದರು, ಮಹಿಳಾ ಸಮಾಜದ ಕೆಲಸಕ್ಕೆ ಕಳಿಸಿದರು. 1920ರ ದಶಕದ ಮೊದಲ ವರ್ಷಗಳಲ್ಲಿ ಉಮಾಬಾಯಿ ಗಂಡನನ್ನು ಕಳೆದುಕೊಂಡರು. ಮಾವ ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಮುದ್ರಣಾಲಯ ನಡೆಸಿದರು. ಉಮಾಬಾಯಿ ತಿಲಕ ಕನ್ಯಾ ಶಾಲೆಯ ಹೊಣೆ ಹೊತ್ತರು, ಭಗಿನಿ ಮಂಡಲ ಕಟ್ಟಿದರು. ಅದೇ ಊರಿನಲ್ಲಿ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಆರಂಭವಾದ ಹಿಂದೂಸ್ತಾನಿ ಸೇವಾದಳವನ್ನು ಬೆಳೆಸುತ್ತಿದ್ದರು. ಅದರ ಮಹಿಳಾ ವಿಭಾಗದ ಮುಂದಾಳತ್ವ ಉಮಾಬಾಯಿಯವರಿಗೆ ಬಂತು. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದೇ ಸೇವಾದಳದಲ್ಲಿ ಸೇವಿಕೆಯರಿಗೆ ತರಬೇತಿ ಕೊಡುವ ಕೆಲಸದಲ್ಲಿ ತೊಡಗಿದ್ದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಅದಕ್ಕಾಗಿ ಉಮಾಬಾಯಿ ಊರೂರು ತಿರುಗಿ 150ಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಒಬ್ಬ ವಿಧವೆ ಹಳ್ಳಿಯ ಮನೆಯಿಂದ ಹೊರಟು, ಪರ ಊರಿನ ಡೇರೆಯಲ್ಲಿ ಇತರ ಜಾತಿಗಳ ಹೆಂಗಸರ ಜೊತೆ ಉಳಿದು, ಸಾವಿರಾರು ಗಂಡಸರು ಸೇರಿದ ಪೆಂಡಾಲಿನಲ್ಲಿ ಓಡಾಡಿ ಕೆಲಸ ಮಾಡಿ ಮರಳುವುದು ಆ ಕಾಲಕ್ಕೆ ಎಷ್ಟು ದೊಡ್ಡ ಹೆಜ್ಜೆ ಎಂಬುದನ್ನು ಊಹಿಸಬಹುದು.

1932ರಲ್ಲಿ ಉಮಾಬಾಯಿಯವರ ಬಂಧನವಾಯಿತು. ನಾಲ್ಕು ತಿಂಗಳು ಯೆರವಡಾ ಜೈಲಿನಲ್ಲಿದ್ದರು. ಅವರು ಒಳಗಿದ್ದಾಗಲೇ, ಅವರಿಗೆ ಆಸರೆಯಾಗಿದ್ದ ಮಾವ ತೀರಿಕೊಂಡರು. ಬಿಡುಗಡೆಯಾಗಿ ಬಂದು ನೋಡಿದರೆ ಮುದ್ರಣಾಲಯ ಸರ್ಕಾರದ ವಶವಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರ ಸಂಸ್ಥೆ ಎಂಬ ಘೋಷಣೆ ಹೊರಟಿತ್ತು. ಹೊಲಿಗೆ, ಅಕ್ಷರ, ಸೇವೆ ಎನ್ನುತ್ತಿದ್ದ ಹೆಂಗಸರ ಸಂಘ ಆಳುವವರಿಗೆ ಅಪಾಯಕಾರಿ ಎನಿಸಿತ್ತು. ಅಪಾಯ ಇದ್ದದ್ದು ಹೊಲಿಗೆಯಲ್ಲಿ ಅಲ್ಲ, ಒಂದು ಕರೆಗೆ ನೂರೈವತ್ತು ಜನ ಹೊರಬರುವ ಅಭ್ಯಾಸದಲ್ಲಿ. ಜೈಲಿನಿಂದ ಬಿಡುಗಡೆಯಾಗಿ ಹೋಗಲು ಬೇರೆ ಮನೆಯಿಲ್ಲದ ಹೆಂಗಸರಿಗೆ ಉಮಾಬಾಯಿಯವರ ಪುಟ್ಟ ಮನೆಯೇ ಆಶ್ರಯವಾಯಿತು.

1934ರ ಜನವರಿಯಲ್ಲಿ ಬಿಹಾರದ ಭೂಕಂಪವಾದಾಗ ಅವರು ಅಲ್ಲಿಗೂ ಹೋಗಿ ಪರಿಹಾರದ ಕೆಲಸ ಮಾಡಿದರು. 1942ರಲ್ಲಿ ಭೂಗತರಾದ ಹೋರಾಟಗಾರರಿಗೆ ಅನ್ನ ಹಾಕಿದರು. 1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಹಳ್ಳಿಗಳ ಬಡ ಹೆಣ್ಣುಮಕ್ಕಳನ್ನು ಆರಿಸಿ ಆರೋಗ್ಯ, ಶಿಶುಪಾಲನೆ, ಕೈಕಸುಬುಗಳ ತರಬೇತಿ ಕೊಟ್ಟು ಗ್ರಾಮಸೇವಿಕೆಯರನ್ನಾಗಿ ಮಾಡುವುದು ಆ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಸ್ಥಾನಗಳನ್ನು ಒಪ್ಪಿಕೊಳ್ಳದೆ ಹುಬ್ಬಳ್ಳಿಯಲ್ಲಿಯೇ ಉಳಿದು 1992ರಲ್ಲಿ ತೀರಿಕೊಂಡರು. ಬಿಡುವಿದ್ದ ಹೆಂಗಸು ಊರಿಗೆ ಸೇವೆ ಕೊಡುವುದು ಎಂಬ ಕ್ಲಬ್ಬಿನ ಕಲ್ಪನೆ ಈ ತರಬೇತಿಗಳಲ್ಲಿ ಮೆಲ್ಲಗೆ ಬದಲಾಯಿತು. ಈಗ ಸೇವೆ ಕೊಡುವವಳು ಹೊಟ್ಟೆಪಾಡಿನ ದಾರಿ ಬೇಕಾಗಿದ್ದ ಬಡವಿ.

ದುರ್ಗಾಬಾಯಿ ತಂದ ಹಣ

ಈ ಬದಲಾವಣೆಯನ್ನು ದೇಶದ ಮಟ್ಟಕ್ಕೆ ಒಯ್ದವರು ದುರ್ಗಾಬಾಯಿ ದೇಶಮುಖ್. ರಾಜಮಹೇಂದ್ರಿಯ ಈ ಹುಡುಗಿ 1923ರ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಇನ್ನೂ ಹದಿನಾಲ್ಕರ ಸ್ವಯಂಸೇವಕಿ. ಖಾದಿ ಪ್ರದರ್ಶನದ ಬಾಗಿಲು ಕಾಯುತ್ತಿದ್ದ ಆಕೆ ಟಿಕೆಟ್ ಇಲ್ಲದೆ ಬಂದ ಜವಾಹರಲಾಲ್ ನೆಹರೂ ಅವರನ್ನು ಒಳಗೆ ಬಿಡಲಿಲ್ಲ. ಟಿಕೆಟ್ ಕೊಂಡ ಮೇಲೆಯೇ ಅವರಿಗೆ ಪ್ರವೇಶ ಸಿಕ್ಕಿತು. 1937ರಲ್ಲಿ ಮದ್ರಾಸಿನಲ್ಲಿ ಆಂಧ್ರ ಮಹಿಳಾ ಸಭಾ ಸ್ಥಾಪಿಸಿದರು. ಅದು ಮುಂದೆ ಹೈದರಾಬಾದಿನಲ್ಲಿ ಬೇರುಬಿಟ್ಟು ಆಸ್ಪತ್ರೆ, ಕಾಲೇಜುಗಳ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ದುರ್ಗಾಬಾಯಿ ಸಂವಿಧಾನ ಸಭೆಯ ಸದಸ್ಯೆಯೂ ಆಗಿದ್ದರು.

1953ರ ಆಗಸ್ಟಿನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷೆ. ಮಂಡಳಿಯ ಕಲ್ಪನೆ ಸರಳ. ಹೆಂಗಸರ ಸಂಘಗಳು ಆಗಲೇ ಊರೂರುಗಳಲ್ಲಿ ಕೆಲಸ ಮಾಡುತ್ತಿವೆ, ಅವುಗಳ ಕಷ್ಟ ಹಣದ್ದು, ಸರ್ಕಾರ ಅನುದಾನ ಕೊಟ್ಟರೆ ಕೆಲಸ ಬೆಳೆಯುತ್ತದೆ. ಮಹಿಳಾ ಮಂಡಳಗಳಿಗೆ ಹೊಲಿಗೆ ಯಂತ್ರ ಬಂತು, ಬಾಲವಾಡಿಗೆ ಹಾಲಿನ ಪುಡಿ ಬಂತು. 1958ರಲ್ಲಿ ಶುರುವಾದ ಸಂಕ್ಷಿಪ್ತ ಶಿಕ್ಷಣ ತರಗತಿಗಳಲ್ಲಿ ಅರ್ಧಕ್ಕೇ ಶಾಲೆ ಬಿಟ್ಟಿದ್ದ ವಯಸ್ಕ ಹೆಂಗಸರು ಕಡಿಮೆ ಅವಧಿಯಲ್ಲಿ ಓದಿ ಪರೀಕ್ಷೆ ಕಟ್ಟಿದರು. ಶಿಕ್ಷಕಿ, ನರ್ಸ್, ಗ್ರಾಮಸೇವಿಕೆಯ ಕೆಲಸಗಳಿಗೆ ಅರ್ಹತೆ ಪಡೆಯಲು ಅದೊಂದು ದಾರಿಯಾಯಿತು.

ಅನುದಾನದ ಜೊತೆಗೆ ಮಾದರಿ ಬೈಲಾ, ತಪಾಸಣೆ, ವರದಿಯ ನಮೂನೆಗಳೂ ಬಂದವು. ಸಂಘ ಯಾವ ಕೆಲಸ ಮಾಡಬೇಕು ಎನ್ನುವುದನ್ನು ಯಾವ ಕೆಲಸಕ್ಕೆ ಹಣ ಸಿಗುತ್ತದೆ ಎನ್ನುವುದು ನಿರ್ಧರಿಸತೊಡಗಿತು. ಅದರ ಜೊತೆಗೆ ಇನ್ನೊಂದು ಊಹೆಯೂ ಆಡಳಿತದೊಳಗೆ ಸೇರಿಕೊಂಡಿತು. ಮಕ್ಕಳಿಗೆ ಉಣಿಸುವುದು, ಬಸುರಿಯರನ್ನು ವಿಚಾರಿಸುವುದು ಹೆಂಗಸರು ಪ್ರೀತಿಯಿಂದ ಮಾಡುವ ಕೆಲಸ, ಅದಕ್ಕೆ ಪೂರ್ತಿ ಸಂಬಳ ಬೇಕಿಲ್ಲ ಎಂಬುದು ಆ ಊಹೆ.

ಗೌರವಧನ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿಗೆ. ಮಹಿಳಾ ಸಮಾಜಗಳು ಅಲ್ಲಲ್ಲಿ ನಡೆಸುತ್ತಿದ್ದ ಬಾಲವಾಡಿಯ ಜಾಗಕ್ಕೆ ಅಂಗನವಾಡಿ ಬಂತು. ಅದನ್ನು ನಡೆಸುವವಳು ಊರಿನವಳೇ. ಅವಳು ನೌಕರಳಲ್ಲ, ‘ಗೌರವ ಕಾರ್ಯಕರ್ತೆ’. ಅವಳಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಬಂದ ಆಶಾ ಕಾರ್ಯಕರ್ತೆಯನ್ನಂತೂ ಸರ್ಕಾರ ಸ್ವಯಂಸೇವಕಿ ಎಂದೇ ಕರೆಯಿತು. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದರೆ ಇಷ್ಟು, ಮಗುವಿಗೆ ಲಸಿಕೆ ಹಾಕಿಸಿದರೆ ಇಷ್ಟು ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಪ್ರೋತ್ಸಾಹಧನ.

ಈ ಪದಗಳಿಗೆ ಕಾನೂನಿನ ತೂಕವಿತ್ತು. ಕರ್ನಾಟಕದ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣವೊಂದು ಸುಪ್ರೀಂ ಕೋರ್ಟಿನ ತನಕ ಹೋಯಿತು. 2006ರ ಡಿಸೆಂಬರಿನಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಾಲಯ, ಅವರು ಸರ್ಕಾರದ ಅಡಿಯಲ್ಲಿ ಸಿವಿಲ್ ಹುದ್ದೆ ಹೊಂದಿದವರಲ್ಲ ಎಂದಿತು. ಬೆಳಗ್ಗೆ ಕೇಂದ್ರ ತೆರೆದು, ಮಕ್ಕಳಿಗೆ ಅಡುಗೆ ಮಾಡಿಸಿ, ತೂಕ ನೋಡಿ, ರಿಜಿಸ್ಟರುಗಳನ್ನು ತುಂಬಿ, ಮನೆಮನೆ ಸಮೀಕ್ಷೆಗೂ ಹೋಗುವವಳು ಸರ್ಕಾರಿ ನೌಕರಳಲ್ಲ. 1924ರಲ್ಲಿ ಒಬ್ಬ ವಿಧವೆಗೆ ಮನೆಯಿಂದ ಹೊರಬರಲು ನೆರವಾಗಿದ್ದ ‘ಸೇವೆ’ ಎಂಬ ಮಾತೇ ಎಂಟು ದಶಕಗಳ ನಂತರ ಇನ್ನೊಬ್ಬ ಬಡ ಹೆಂಗಸನ್ನು ಸಂಬಳದ ಹೊರಗೆ ನಿಲ್ಲಿಸಿತು.

2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಬೆಂಗಳೂರಿನ ನಡುಬೀದಿಯಲ್ಲಿ ಹಗಲೂ ರಾತ್ರಿ ಕುಳಿತರು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಿತು. ಅವರಿಗೆ ಕೊಡುವ ಗೌರವಧನವೂ ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂಬುದು ತೀರ್ಪಿನ ಮುಖ್ಯ ಅಂಶ. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಅವರು ಕೇಳಿದ್ದು ಪ್ರಶಸ್ತಿಯನ್ನಲ್ಲ, ತಿಂಗಳು ತಿಂಗಳು ಕೈಗೆ ಬರುವ ಖಚಿತ ಮೊತ್ತವನ್ನು.

ಗಚ್ಚಿಬೌಲಿಯಲ್ಲಿ

ಹೆಂಗಸರ ಸೇವಾ ಸಂಘಗಳ ಈ ಕಥೆಯ ಎರಡೂ ಎಳೆಗಳು, ಬಿಡುವು ಇದ್ದವರ ಸೇವೆ ಮತ್ತು ಬಿಡುವಿಲ್ಲದವರ ಸೇವೆ, ಇಂದಿನ ಗಚ್ಚಿಬೌಲಿಯಲ್ಲಿ ಒಂದೇ ರಸ್ತೆಯ ಎರಡು ಬದಿಗಳಲ್ಲಿ ಕಾಣುತ್ತವೆ.

‘ಬೌಲಿ’ ಎಂದರೆ ದಖ್ಖನಿಯಲ್ಲಿ ಬಾವಿ. ಹಿಂದೆ ನಗರದಾಚೆಯ ಹಳ್ಳಿಯಾಗಿದ್ದ ಈ ಊರಿನ ಮಗ್ಗುಲಿಗೆ ಮೊದಲು ಬಂದ ದೊಡ್ಡ ಸಂಸ್ಥೆಗಳಲ್ಲಿ ಒಂದು 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ. ಅದರ ತರಗತಿಗಳು ಆರಂಭವಾದದ್ದು ನಗರದ ನಾಂಪಲ್ಲಿಯ ‘ಗೋಲ್ಡನ್ ಥ್ರೆಷೋಲ್ಡ್’ನಲ್ಲಿ. ಅದು ಸರೋಜಿನಿ ನಾಯ್ಡು ಅವರ ಮನೆ. ಮಗಳು ಪದ್ಮಜಾ ನಾಯ್ಡು ಅದನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರು. ಗಚ್ಚಿಬೌಲಿಯ ಕ್ಯಾಂಪಸ್ಸಿನಲ್ಲಿ ಕಲೆ ಮತ್ತು ಸಂವಹನದ ವಿಭಾಗಗಳಿರುವ ಶಾಲೆಗೆ ಈಗಲೂ ಸರೋಜಿನಿಯವರದೇ ಹೆಸರು. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಇಡೀ ಪಶ್ಚಿಮ ಹೈದರಾಬಾದು ಬೇರೆಯೇ ಆಯಿತು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಕನ್ನಡದ ಹುಡುಗಿಯರು ಇಲ್ಲಿಗೆ ಇಂಜಿನಿಯರುಗಳಾಗಿ ಬಂದರು. ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಅದೇ ಕನ್ನಡದ ಹೆಂಗಸರು ಕಟ್ಟಡದ ಕೂಲಿಗೆ ಗಂಡ ಮಕ್ಕಳೊಂದಿಗೆ ಗುಳೆ ಬಂದರು.

ಇಂಜಿನಿಯರುಗಳ ಜಗತ್ತಿನಲ್ಲಿ ಸ್ವಯಂಸೇವೆಗೆ ಹೊಸ ರೂಪ ಬಂದಿದೆ. ಐಟಿ ಕಂಪನಿಗಳು ಮತ್ತು ಪೊಲೀಸರು ಸೇರಿ ನಡೆಸುವ ಸೈಬರಾಬಾದ್ ಭದ್ರತಾ ಮಂಡಳಿ ‘ಮಾರ್ಗದರ್ಶಕ್’ ಎಂಬ ಕಾರ್ಯಕ್ರಮದಲ್ಲಿ ಕಂಪನಿಗಳ ಉದ್ಯೋಗಿಗಳಿಗೆ ತರಬೇತಿ ಕೊಡುತ್ತದೆ. ಕಿರುಕುಳಕ್ಕೆ ಒಳಗಾದ ಸಹೋದ್ಯೋಗಿ ಪೊಲೀಸ್ ಠಾಣೆಗೆ ಹೋಗಲು ಅಂಜಿದಾಗ ಮೊದಲು ಮಾತಾಡಲು ಒಬ್ಬರು ಇರಲಿ ಎಂಬುದು ಉದ್ದೇಶ. ಅದೇ ಮಂಡಳಿಯ ‘ಶೀ ಶಟಲ್’ ಬಸ್ಸುಗಳು ಕೆಲಸಕ್ಕೆ ಹೋಗಿಬರುವ ಹೆಂಗಸರಿಗಾಗಿ ಓಡುತ್ತವೆ. 1908ರಲ್ಲಿ ಇದ್ದ ತರ್ಕವೇ ಇಲ್ಲಿಯೂ ಇದೆ. ಕಷ್ಟದಲ್ಲಿರುವ ಹೆಂಗಸಿನ ಬಳಿಗೆ ಮೊದಲು ಹೋಗಬೇಕಾದವಳು ಇನ್ನೊಬ್ಬ ಹೆಂಗಸು.

2020ರ ಲಾಕ್‌ಡೌನ್ ಈ ಊರಿನ ಇನ್ನೊಂದು ಬದಿಯನ್ನು ಎಲ್ಲರಿಗೂ ಕಾಣಿಸಿತು. ಗಚ್ಚಿಬೌಲಿಯ ಕ್ರೀಡಾ ಸಂಕೀರ್ಣದ ಬಹುಮಹಡಿ ಕಟ್ಟಡ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಮೇ 1ರಂದು ದೇಶದ ಮೊದಲ ಶ್ರಮಿಕ ರೈಲು ಹೊರಟದ್ದು ಪಕ್ಕದ ಲಿಂಗಂಪಲ್ಲಿ ನಿಲ್ದಾಣದಿಂದ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಹೆಂಗಸರು ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತ, ಮನೆಗೆಲಸದವಳಿಲ್ಲದೆ ಪಾತ್ರೆ ತೊಳೆಯುತ್ತ, ರೇಷನ್ ಕಿಟ್ ಮತ್ತು ಊಟದ ಪೊಟ್ಟಣಗಳನ್ನು ಕಾರ್ಮಿಕರಿಗೆ ತಲುಪಿಸಿದರು. ಅದೇ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳುತ್ತಿದ್ದರು. ಇಬ್ಬರನ್ನೂ ಪತ್ರಿಕೆಗಳು ಒಂದೇ ಮಾತಿನಲ್ಲಿ ಹೊಗಳಿದವು: ನಿಸ್ವಾರ್ಥ ಸೇವೆ. ಆದರೆ ಮೊದಲನೆಯವಳಿಗೆ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು, ಬೇಡವೆನಿಸಿದ ದಿನ ಸೇವೆಯನ್ನು ನಿಲ್ಲಿಸಬಹುದಾಗಿತ್ತು. ಎರಡನೆಯವಳಿಗೆ ಅವೆರಡೂ ಇರಲಿಲ್ಲ.

ಹಾಗೆಂದು ಕ್ಲಬ್ಬಿನ ಹೆಂಗಸರ ಕೆಲಸವನ್ನು ತಳ್ಳಿಹಾಕುವಂತಿಲ್ಲ. ಪ್ರವಾಹದ ಕೆಸರಿಗೆ ಇಳಿದವರು, ಶಾಲೆ ತೆರೆದವರು, ಜೈಲಿಗೆ ಹೋದವರು ಇದೇ ಸಂಘಗಳಿಂದ ಬಂದರು. ಇನ್ನೊಬ್ಬರ ಕಷ್ಟಕ್ಕೆ ತಾನಾಗಿ ಹೋಗುವುದು ಒಂದು ಊರನ್ನು ಬದುಕಲು ಯೋಗ್ಯವಾಗಿ ಇಡುತ್ತದೆ. ತಾನಾಗಿ ಎಂಬ ಮಾತು ನಿಜವಾಗಿರಬೇಕು, ಅಷ್ಟೆ. ಕೊಡಲು ಬಿಡುವು ಇದ್ದವಳು ಕೊಡುವುದು ಸೇವೆ. ಬೇರೆ ದಾರಿಯಿಲ್ಲದೆ ದಿನವಿಡೀ ದುಡಿಯುವವಳ ಕೆಲಸಕ್ಕೂ ಅದೇ ಹೆಸರಿಟ್ಟರೆ, ಕೊಡಬೇಕಾದ ಕೂಲಿಯನ್ನು ಸಮಾಜ ಉಳಿಸಿಕೊಂಡಂತೆ.

ಹಳೆಯ ಮಹಿಳಾ ಸಮಾಜಗಳ ಅನೇಕ ಕಟ್ಟಡಗಳಲ್ಲಿ ಈಗ ಶಾಲೆ, ಹಾಸ್ಟೆಲ್ಲು, ಮದುವೆಯ ಹಾಲುಗಳು ನಡೆಯುತ್ತಿವೆ. ಆದರೆ ಅಲ್ಲಿ ಹೆಂಗಸರು ಕಲಿತ ಕಸುಬು ಕಳೆದುಹೋಗಿಲ್ಲ. ಸಭೆ ಕರೆಯುವುದು, ಠರಾವು ಬರೆಯುವುದು, ಚಂದಾ ಎತ್ತಿ ಲೆಕ್ಕ ಇಡುವುದು, ಒಂದು ಕರೆಗೆ ನೂರಾರು ಜನ ಬಸ್ಸು ಹತ್ತಿ ಪರ ಊರಿಗೆ ಹೋಗುವುದು, ಇವೆಲ್ಲ ಈಗ ತಾಲ್ಲೂಕು ತಾಲ್ಲೂಕುಗಳ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಸಂಘಗಳಲ್ಲಿ ನಡೆಯುತ್ತಿವೆ. ಬೆಳಗಾವಿಯ ಪೆಂಡಾಲಿಗೆ ಹೋದವರ ಮತ್ತು ಫ್ರೀಡಂ ಪಾರ್ಕಿಗೆ ಬಂದವರ ನಡುವೆ ನೂರು ವರ್ಷಗಳಿವೆ. ಮೊದಲಿನವರು ‘ಸ್ವಯಂಸೇವಕಿ’ ಎಂಬ ಹೆಸರನ್ನು ಹೆಮ್ಮೆಯಿಂದ ಎದೆಗೆ ಚುಚ್ಚಿಕೊಂಡರು. ಈಗಿನವರು ಆ ಹೆಸರನ್ನು ತೆಗೆದು ‘ನೌಕರರು’ ಎಂದು ಬರೆಯಿರಿ ಎಂದು ಕೇಳುತ್ತಿದ್ದಾರೆ. ಎರಡೂ ಒಂದೇ ಹೋರಾಟದ ಭಾಗ, ಹೆಂಗಸಿನ ದುಡಿಮೆ ಲೆಕ್ಕಕ್ಕೆ ಬರಬೇಕು ಎಂಬುದು.